ಏಕಾದಶಿಯ ಶುಗರ್

ಅಡಿಗೆ ಮುರಳೀಕೃಷ್ಣಾಚಾರ್ರ ಕಾಲಿನ ಬಗ್ಗೆ ವಿಜಯನಗರ, ಬಸವೇಶ್ವರನಗರದ ಕಡೆಯ ಮಾಧ್ವರ ಮನೆಗಳಲ್ಲಿ ಒಂದು ಕಥೆ ಓಡಾಡುತ್ತಿತ್ತು. ಯಾರದೋ ಮನೆಯ ವೈಕುಂಠ ಸಮಾರಾಧನೆಯಲ್ಲಿ ಅನ್ನ ಬಸಿಯುವಾಗ ತಪ್ಪಲೆ ವಾಲಿ, ಬಿಸಿ ಗಂಜಿ ಅಡಿಗೆಮನೆಯ ನೆಲದ ತುಂಬ ಹರಿಯಿತು. ಅಲ್ಲಿದ್ದವರೆಲ್ಲ ಅಯ್ಯಯ್ಯೋ ಎಂದು ಹಿತ್ತಿಲಿಗೆ ಹಾರಿದರು. ಆಚಾರ್ರು ಮಾತ್ರ ಆ ಗಂಜಿಯಲ್ಲೇ ಬರಿಗಾಲಲ್ಲಿ ನಿಂತು, ತಪ್ಪಲೆಯನ್ನು ನೆಟ್ಟಗಿಟ್ಟು, "ಅನ್ನ ಚೆಲ್ಲಲಿಲ್ಲವಲ್ಲ, ಯಾಕೆ ಕೂಗಾಡ್ತೀರಿ?" ಅಂದರಂತೆ. ಮೂವತ್ತು ವರ್ಷ ಒಲೆ ಮುಂದೆ ನಿಂತ ಕಾಲು ಕಲ್ಲಾಗಿಬಿಡುತ್ತೆ ನೋಡಿ ಎಂದು ಜನ ಹೊಗಳಿದರು. ಆಚಾರ್ರು ಆ ಹೊಗಳಿಕೆಯನ್ನು ಬೇಡವೆನ್ನಲಿಲ್ಲ, ಮುಗುಳ್ನಕ್ಕರು.

ಆ ದಿನ ಸಂಜೆ ಅವರ ಹೆಂಡತಿ ವತ್ಸಲಾ ನೋಡಿದಾಗ ಎರಡೂ ಅಂಗಾಲಲ್ಲಿ ಬೊಕ್ಕೆ ಎದ್ದಿದ್ದವು. ಉರಿ ಇದೆಯಾ ಎಂದು ಕೇಳಿದರೆ ಇಲ್ಲ ಅಂದರು. ಕಾಲಿಗೆ ಸುಡಲಿಲ್ಲ ಅಂದರೆ ಕಾಲು ಗಟ್ಟಿಯಾಗಿದೆ ಎಂದಲ್ಲ, ಸುಟ್ಟ ಸುದ್ದಿ ತಲೆಗೆ ಮುಟ್ಟುತ್ತಿಲ್ಲ ಎಂದು ಅರ್ಥ. ಇದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯಬೇಕಾದವರಿಗೇ ಹೊಳೆಯದಿದ್ದ ಮೇಲೆ ಊಟಕ್ಕೆ ಬಂದವರನ್ನು ಬೈದು ಏನು ಪ್ರಯೋಜನ?

ಆಚಾರ್ರು ಮದುವೆ ಮುಂಜಿಯ ಅಡಿಗೆಯವರಲ್ಲ. ಅವರದು ಶ್ರಾದ್ಧದ ಅಡಿಗೆ. ಗೊತ್ತಿಲ್ಲದವರಿಗೆ ಇದು ಸಣ್ಣ ಕೆಲಸ ಅನ್ನಿಸಬಹುದು, ಆದರೆ ಮದುವೆ ಅಡಿಗೆ ಮಾಡುವವರು ಸಾವಿರ ಮಂದಿ ಸಿಗುತ್ತಾರೆ, ಸತ್ತವರಿಗೆ ಬಡಿಸುವ ಅಡಿಗೆಗೆ ಎಲ್ಲರನ್ನೂ ಕರೆಯುವುದಿಲ್ಲ. ಬೆಳಿಗ್ಗೆ ತಣ್ಣೀರು ಸುರಿದುಕೊಂಡು, ಯಾರೂ ಮುಟ್ಟದ ಹಾಗೆ ಗಳುವಿನ ಮೇಲೆ ಒಣಗಿದ ಮಡಿಪಂಚೆ ಉಟ್ಟು ಒಳಗೆ ಹೋದರೆ, ಬ್ರಾಹ್ಮಣರ ಊಟವಾಗಿ ಮನೆಯವರ ಊಟವಾಗುವ ತನಕ ಒಂದು ಹನಿ ನೀರೂ ಬಾಯಿಗಿಲ್ಲ. ಉಪ್ಪು ಹುಳಿ ನಾಲಿಗೆಗೆ ಹಚ್ಚಿ ನೋಡುವ ಹಾಗಿಲ್ಲ. ಆಚಾರ್ರು ಕಣ್ಣಳತೆಯಲ್ಲೇ ಉಪ್ಪು ಹಾಕುತ್ತಿದ್ದರು, ಒಂದು ದಿನವೂ ಹೆಚ್ಚು ಕಡಿಮೆ ಆದದ್ದಿಲ್ಲ. ಅವರ ಮಡಿಗೆ ಹೆದರಿ ಮನೆಯ ಯಜಮಾನರೇ ಅಡಿಗೆಮನೆಯ ಹೊಸಿಲಿನಿಂದ ಎರಡು ಮಾರು ದೂರ ನಿಂತು ಮಾತಾಡಿಸುತ್ತಿದ್ದರು. ಮಾರುತಿ ಮಂದಿರದ ಹಿಂದಿನ ರಸ್ತೆಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅವರು ಬರೀ ಮುರಳೀಕೃಷ್ಣ, ಬೇರೆಯವರ ಅಡಿಗೆಮನೆಯಲ್ಲಿ ಆಚಾರ್ರು. ಆ ಇನ್ನೊಬ್ಬ ಮನುಷ್ಯನಾಗಿ ಇರುವುದಕ್ಕೇ ಅವರು ಬದುಕಿದ್ದರು ಎಂದರೆ ತಪ್ಪಿಲ್ಲ.

ಕಾಯಿಲೆ ಗೊತ್ತಾದದ್ದೂ ಮಡಿಯಿಂದಲೇ. ಐವತ್ಮೂರನೇ ವಯಸ್ಸಿನಲ್ಲಿ, ಅಡಿಗೆಯ ನಡುವೆ ಗಳಿಗೆಗೊಮ್ಮೆ ಮೂತ್ರಕ್ಕೆ ಹೋಗಬೇಕಾಗಿ ಬಂತು. ಹೋದರೆ ಮತ್ತೆ ತಣ್ಣೀರು ಸುರಿದುಕೊಂಡೇ ಒಳಗೆ ಬರಬೇಕು. ಒಂದೇ ಬೆಳಿಗ್ಗೆ ನಾಲ್ಕು ಸ್ನಾನ ಮಾಡಿ ನಡುಗುತ್ತ ಮನೆಗೆ ಬಂದವರನ್ನು ಮಗಳು ಸ್ಮೃತಿ ಅವತ್ತೇ ಕ್ಲಿನಿಕ್ಕಿಗೆ ಎಳೆದುಕೊಂಡು ಹೋದಳು. ಅವಳು ಊರ ಅಂಚಿನ ಉಲ್ಲಾಳದ ಒಂದು ಶಾಲೆಯಲ್ಲಿ ಟೀಚರ್, ಗಂಡನ ಮನೆಯೂ ಅಲ್ಲೇ. ಶುಗರ್ ಮುನ್ನೂರ ಹತ್ತು ಇತ್ತು.

ಡಾಕ್ಟ್ರು ಮಾತ್ರೆ ಬರೆದುಕೊಟ್ಟು, ಮನೆಯಲ್ಲೇ ನೋಡಿಕೊಳ್ಳುವ ಮೆಷಿನ್ ತೆಗೆದುಕೊಳ್ಳಿ ಅಂದರು. "ದಿನಾ ಬೇಡ, ವಾರಕ್ಕೆ ಮೂರು ದಿನ ಸಾಕು. ಆದ್ರೆ ಒಂದೇ ಹೊತ್ತಲ್ಲಿ ನೋಡ್ಬೇಡಿ. ಒಂದಿನ ಬೆಳಿಗ್ಗೆ ಖಾಲಿ ಹೊಟ್ಟೇಲಿ, ಒಂದಿನ ಊಟ ಆಗಿ ಎರಡು ಗಂಟೆಗೆ, ಇನ್ನೊಂದಿನ ರಾತ್ರಿ ಊಟಕ್ಕೆ ಮುಂಚೆ. ಬರೆದಿಟ್ಕೊಂಡು ಬನ್ನಿ. ಮೂರು ತಿಂಗಳಿಗೊಂದ್ಸಲ ಲ್ಯಾಬಲ್ಲಿ ಸರಾಸರಿ ನೋಡೋ ಟೆಸ್ಟ್ ಒಂದಿದೆ, ಅದನ್ನ ತಪ್ಪಿಸಬೇಡಿ."

ಸ್ಮೃತಿ ಮೆಷಿನ್ ತಂದುಕೊಟ್ಟಳು. ಅಂಗೈಯಗಲದ್ದು. ಜೊತೆಗೆ ಪೆನ್ನಿನಂಥ ಒಂದು ಚುಚ್ಚುವ ಸಾಧನ, ಡಬ್ಬಿಯ ತುಂಬ ಪಟ್ಟಿಗಳು. ಬೆರಳ ತುದಿ ಚುಚ್ಚಿ, ಒಂದು ಹನಿ ರಕ್ತವನ್ನು ಪಟ್ಟಿಗೆ ಮುಟ್ಟಿಸಿದರೆ ಐದು ಎಣಿಸುವುದರೊಳಗೆ ನಂಬರು ಬರುತ್ತದೆ. ಆಚಾರ್ರು ಅದನ್ನು ದೂರದಿಂದಲೇ ನೋಡಿದರು.

"ಬೆರಳು ಚುಚ್ಕೊಂಡು ಹೋಗಿ ಪಿತೃಕಾರ್ಯಕ್ಕೆ ಅಡಿಗೆ ಮಾಡೋಕಾಗುತ್ತೇನೇ? ಗಾಯ ಇರೋ ಕೈಲಿ?"

"ಅಪ್ಪ, ಅದು ಗಾಯ ಅಲ್ಲ. ಸಂಜೆಗೆ ಎಲ್ಲಿ ಚುಚ್ಚಿದ್ದು ಅಂತಾನೂ ಗೊತ್ತಾಗಲ್ಲ."

"ನಿಂಗೆ ಗೊತ್ತಾಗಲ್ಲ. ಎಲೆ ಮುಂದೆ ಕೂತಿರೋರಿಗೆ ಗೊತ್ತಾಗುತ್ತೆ."

ಎಲೆ ಮುಂದೆ ಕೂತಿರೋರು ಅಂದರೆ ಸತ್ತವರು. ಅವರ ಜೊತೆ ವಾದ ಮಾಡುವುದು ಸ್ಮೃತಿಗೆ ಹೇಗೆ ಸಾಧ್ಯ? ತಂದೆ ಮಗಳು ಅವತ್ತು ಮುಖ ಗಂಟು ಹಾಕಿಕೊಂಡೇ ಕಾಫಿ ಕುಡಿದರು. ಆಮೇಲೆ ಆಚಾರ್ರು ತಾವೇ ಒಂದು ದಾರಿ ಹುಡುಕಿದರು. ರಕ್ತ ಬಂದ ಬೆರಳಿಗೂ ಅಡಿಗೆಗೂ ನಡುವೆ ಒಂದು ಹಗಲು ಒಂದು ರಾತ್ರಿ ಕಳೆದರೆ ದೋಷವಿಲ್ಲ. ಇದು ಯಾವ ಶಾಸ್ತ್ರದಲ್ಲೂ ಇಲ್ಲ, ಅವರೇ ಮಾಡಿಕೊಂಡ ಲೆಕ್ಕ. ಆದರೆ ಕೆಲಸಕ್ಕೆ ಕರೆ ಬರುವುದು ಮುನ್ನಾದಿನ ಸಂಜೆಗೆ. ನಾಳೆ ಬಿಡುವೋ ಇಲ್ಲವೋ ಎಂದು ಇವತ್ತು ಹೇಳಲಾಗದು, ಬಿಡುವೆಂದುಕೊಂಡ ಬೆಳಿಗ್ಗೆಯೂ ಯಾರಾದರೂ ಓಡಿಬಂದು ಕರೆಯುವುದುಂಟು. ಖಂಡಿತವಾಗಿ ಕೆಲಸವಿಲ್ಲದ ದಿನ ತಿಂಗಳಿಗೆ ಎರಡೇ, ಎರಡು ಏಕಾದಶಿಗಳು. ಅವತ್ತು ಮಾಧ್ವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಂದಿನ ಶ್ರಾದ್ಧವೂ ಮರುದಿನದ ದ್ವಾದಶಿಗೇ ಹೋಗುತ್ತದೆ. ಹಾಗಾಗಿ ಏಕಾದಶಿ ಬೆಳಿಗ್ಗೆ ಪೂಜೆ ಮುಗಿಸಿ, ಹತ್ತು ಗಂಟೆಗೆ ಆಚಾರ್ರು ಎಡಗೈಯ ಕಿರುಬೆರಳು ಚಾಚುತ್ತಿದ್ದರು. ವತ್ಸಲಾ ಚುಚ್ಚಿ, ನಂಬರನ್ನು ಗೋಡೆಯ ಪಂಚಾಂಗದ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದಳು.

ದಶಮಿಯ ಮಧ್ಯಾಹ್ನ ಉಂಡ ಮೇಲೆ ಆಚಾರ್ರು ಮತ್ತೆ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಅಂದರೆ ಹೊಟ್ಟೆಗೆ ಅನ್ನ ಬಿದ್ದು ಇಪ್ಪತ್ತು ಗಂಟೆ ಕಳೆದ ಮೇಲೆ ಆ ಮೆಷಿನ್ ಅವರನ್ನು ನೋಡುತ್ತಿತ್ತು. ನೂರ ಹದಿನೆಂಟು. ನೂರ ಹನ್ನೆರಡು. ನೂರ ನಾಲ್ಕು. ಉಳಿದ ಇಪ್ಪತ್ತೆಂಟು ದಿನಗಳಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಹಸಿದ ಹೊಟ್ಟೆಗೆ ಒಟ್ಟಿಗೆ ಬೀಳುತ್ತಿದ್ದ ಶ್ರಾದ್ಧದೂಟವನ್ನು, ಪಾಯಸ, ವಡೆ, ರವೆಉಂಡೆ, ಮನೆಯವರು ಒತ್ತಾಯಿಸಿ ಬಡಿಸಿದ ಎರಡನೇ ಸಲದ ಅನ್ನವನ್ನು ಅದು ಒಮ್ಮೆಯೂ ನೋಡಲಿಲ್ಲ. ಒಬ್ಬ ಕುಡುಕನನ್ನು ದೇವಸ್ಥಾನದಲ್ಲಿ ಕೂತ ಹೊತ್ತಲ್ಲಿ ಮಾತ್ರ ನೋಡಿ ಒಳ್ಳೆಯವನು ಎಂದ ಹಾಗಾಯಿತು.

ಇನ್ನೊಂದು ಅನಾಹುತವೂ ಇತ್ತು. ಮಾತ್ರೆ ಔಷಧ, ಔಷಧಕ್ಕೆ ಉಪವಾಸದ ತಡೆಯಿಲ್ಲ ಎಂದು ಏಕಾದಶಿಯಲ್ಲೂ ಅವರು ತಪ್ಪದೆ ಮಾತ್ರೆ ನುಂಗುತ್ತಿದ್ದರು. ಖಾಲಿ ಹೊಟ್ಟೆಯ ಮೇಲೆ ಮಾತ್ರೆ ಬಿದ್ದು ಕೆಲವು ಏಕಾದಶಿ ಕೈ ನಡುಗುತ್ತಿತ್ತು, ಹಣೆಯಲ್ಲಿ ಬೆವರು ಕಿತ್ತುಬರುತ್ತಿತ್ತು. ಅದನ್ನು ಅವರು ಉಪವಾಸದ ನಿಶ್ಶಕ್ತಿ ಎಂದುಕೊಂಡರು, ಒಳಗೊಳಗೇ ಸ್ವಲ್ಪ ಹೆಮ್ಮೆಯನ್ನೂ ಪಟ್ಟರು. ಕ್ಯಾಲೆಂಡರಿನಲ್ಲಿ ಎಪ್ಪತ್ತನಾಲ್ಕು, ಅರವತ್ತೆಂಟು, ಎಪ್ಪತ್ತೊಂದು ಬಂದವು.

"ಇಳೀತಾ ಇದೆ ರೀ," ಎಂದು ವತ್ಸಲಾ ಖುಷಿಪಟ್ಟಳು.

ಆ ಕ್ಯಾಲೆಂಡರಿನ ನಂಬರುಗಳನ್ನು ಒಂದು ಚೀಟಿಯಲ್ಲಿ ಸಾಲಾಗಿ ಬರೆದುಕೊಂಡು ಹೋಗಿ ಡಾಕ್ಟ್ರಿಗೆ ತೋರಿಸಿದರು. ಚೀಟಿಯಲ್ಲಿ ತಾರೀಖು ಇರಲಿಲ್ಲ, ನಂಬರು ಮಾತ್ರ ಇತ್ತು. ಹೊರಗೆ ಬೆಂಚಿನ ತುಂಬ ಜನ ಕೂತಿದ್ದರು. ಡಾಕ್ಟ್ರು ಚೀಟಿ ನೋಡಿ ಹುಬ್ಬು ಗಂಟು ಹಾಕಿದರು.

"ತುಂಬಾ ಕಮ್ಮಿ ಆಗ್ತಾ ಇದೆಯಲ್ಲ. ಇದೆಲ್ಲಾ ಬೆಳಿಗ್ಗೆ ಖಾಲಿ ಹೊಟ್ಟೇಲಿ ನೋಡಿದ್ದಾ?"

"ಹೌದು ಸಾರ್, ಖಾಲಿ ಹೊಟ್ಟೇಲೇ."

ಎಷ್ಟು ಖಾಲಿ ಎಂದು ಡಾಕ್ಟ್ರು ಕೇಳಲಿಲ್ಲ, ಇವರು ಹೇಳಲಿಲ್ಲ. ಲೋ ಆದರೆ ಅಪಾಯ ಎಂದು ಡಾಕ್ಟ್ರು ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು. ಲ್ಯಾಬಿನ ಟೆಸ್ಟು ಮಾಡಿಸಿಕೊಂಡು ಬನ್ನಿ ಎಂದು ಮತ್ತೆ ಬರೆದುಕೊಟ್ಟರು. ಅದಕ್ಕೂ ಸೂಜಿ ಚುಚ್ಚಬೇಕು, ಅದೂ ಮೊಳಕೈಗೆ. ಆ ಚೀಟಿ ದೇವರ ಮನೆಯ ಗೂಡಿನಲ್ಲಿ ಊದುಬತ್ತಿ ಪೊಟ್ಟಣದ ಕೆಳಗೆ ಹೋಗಿ ಸೇರಿತು. ಮನೆಗೆ ಬರುವ ದಾರಿಯಲ್ಲಿ ಆಚಾರ್ರು ಮಾರ್ಕೆಟ್ಟಿನಲ್ಲಿ ನಿಂತು ಹೆಂಡತಿಗೆ ಎರಡು ಮೊಳ ಮಲ್ಲಿಗೆ ಕೊಡಿಸಿದರು. ಮೂರು ವರ್ಷ ಹೀಗೆ ಹೋಯಿತು.

ಹೋದ ವರ್ಷದ ಪಕ್ಷಮಾಸಕ್ಕೆ ನಾಲ್ಕು ದಿನ ಮುಂಚೆ ಸ್ನಾನ ಮಾಡುವಾಗ ಬಲಗಾಲಿನ ಅಂಗಾಲಲ್ಲಿ, ಹೆಬ್ಬೆರಳ ಬುಡದಲ್ಲಿ, ಏನೋ ಚೂಪಾಗಿ ಕೈಗೆ ತಗುಲಿತು. ಬಗ್ಗಿ ನೋಡಿದರೆ ತೆಂಗಿನ ಕರಟದ ಚೂರು. ಉಗುರಿನಷ್ಟು ಉದ್ದದ್ದು ಮಾಂಸದೊಳಗೆ ಕೂತಿತ್ತು. ಅವರು ತೆಂಗಿನಕಾಯಿ ಒಡೆದು ಮೂರು ದಿನವಾಗಿತ್ತು. ಮೂರು ದಿನ ಅದರ ಮೇಲೆ ನಡೆದಾಡಿದ್ದರು, ನಿಂತಿದ್ದರು, ಬಸ್ಸಿನ ಮೆಟ್ಟಿಲು ಹತ್ತಿ ಇಳಿದಿದ್ದರು. ಕಿತ್ತರೂ ನೋವಿಲ್ಲ. ತೂತಿಗೆ ಅರಿಶಿನ ಒತ್ತಿ, ಪಂಚೆ ಉಟ್ಟು ಹೊರಟರು.

ಪಕ್ಷಮಾಸವೆಂದರೆ ಭಾದ್ರಪದದ ಕೊನೆಯ ಹದಿನೈದು ದಿನ. ಊರಿನಲ್ಲಿರುವವರೆಲ್ಲ ಸತ್ತವರನ್ನು ನೆನೆಯುವ ಕಾಲ. ಆ ಹದಿನೈದು ದಿನಕ್ಕೆ ಆಚಾರ್ರಿಗೆ ಜನ ವರ್ಷದ ಹಿಂದೆಯೇ ಹೇಳಿಟ್ಟಿರುತ್ತಿದ್ದರು. ಗಾಯವಿರುವ ಅಡಿಗೆಯವರು ಆ ದಿನಗಳಲ್ಲಿ ಒಲೆಯ ಹತ್ತಿರ ಬರುವಂತಿಲ್ಲ. ಆದರೆ ಅಂಗಾಲಿನ ಗಾಯ ಯಾರ ಕಣ್ಣಿಗೆ ಬೀಳುತ್ತದೆ? ನೋವೂ ಇಲ್ಲ, ರಕ್ತವೂ ಇಲ್ಲ. ಮಹಾಲಯ ಅಮಾವಾಸ್ಯೆ ಕಳೆಯಲಿ, ಡಾಕ್ಟ್ರಿಗೆ ತೋರಿಸೋಣ ಎಂದುಕೊಂಡರು. ವತ್ಸಲಾಗೂ ಹೇಳಲಿಲ್ಲ.

ಪಕ್ಷದ ಮಧ್ಯದ ಹೊತ್ತಿಗೆ ಕಾಲು ಊದಿತ್ತು. ಏಕಾದಶಿ ದಿನ ಬೆಳಿಗ್ಗೆ ಚಾಪೆಯ ಮೇಲೆ ಕೂತು ಆಚಾರ್ರು ಮೊದಲ ಬಾರಿಗೆ ಹೆದರಿದರು. ತೂತು ಈಗ ನಾಲ್ಕಾಣೆಯಷ್ಟು ಅಗಲವಾಗಿತ್ತು, ಅಂಚು ಬೂದು ಬಣ್ಣಕ್ಕೆ ತಿರುಗಿತ್ತು. ಸಕ್ಕರೆ ಕಾಯಿಲೆಯವರ ಗಾಯ ಮಾಯುವುದಿಲ್ಲ ಎಂದು ಯಾರೋ ಹೇಳಿದ್ದು ನೆನಪಾಯಿತು. ಅವರು ವತ್ಸಲಾಳನ್ನು ಕರೆದು, ಎಂದಿನ ಹಾಗೆ ಕಿರುಬೆರಳು ಚಾಚಿದರು. ಆ ಐದು ಸೆಕೆಂಡು ಅವರು ಮೆಷಿನ್ನಿನ ಮುಖವನ್ನೇ ನೋಡುತ್ತಿದ್ದರು.

"ನೂರ ಇಪ್ಪತ್ತಾರು," ಅಂದಳು ವತ್ಸಲಾ. "ಪಕ್ಷದೂಟ ಮಾಡ್ತಾ ಇದ್ರೂ ಇಷ್ಟೇ ಇದೆ ನೋಡಿ."

ಆಚಾರ್ರ ಹೊಟ್ಟೆ ತಣ್ಣಗಾಯಿತು. ಶುಗರ್ ಸರಿಯಿದ್ದ ಮೇಲೆ ಗಾಯ ಮಾಯಲೇಬೇಕು, ಇದು ಸಕ್ಕರೆ ಕಾಯಿಲೆಯ ಗಾಯವೇ ಅಲ್ಲ ಎಂದು ಅವರಿಗೆ ಖಾತ್ರಿಯಾಯಿತು. ಅವತ್ತು ಆಸ್ಪತ್ರೆಗೆ ಹೋಗಿದ್ದರೆ ಬಹುಶಃ ಒಂದು ಬೆರಳಿನಲ್ಲಿ ಮುಗಿಯುತ್ತಿತ್ತು. ಕೆಲಸವಿಲ್ಲದ ದಿನ, ಕೈಯಲ್ಲಿ ಇಡೀ ಹಗಲು ಇತ್ತು. ಅವರು ಗಾಯಕ್ಕೆ ಇನ್ನಷ್ಟು ಅರಿಶಿನ ತುಂಬಿ, ವಿಷ್ಣು ಸಹಸ್ರನಾಮ ಓದುತ್ತ ಕೂತರು.

ಮರುದಿನ ದ್ವಾದಶಿ. ಬಸವೇಶ್ವರನಗರದ ವೆಂಕಟಗಿರಿಯವರ ಮನೆಯಲ್ಲಿ ಅವರ ತಂದೆಯ ಪಕ್ಷ. ವೆಂಕಟಗಿರಿ ಕಾಲೇಜು ಪ್ರಿನ್ಸಿಪಾಲರಾಗಿ ನಿವೃತ್ತರಾದವರು, ಹಳೆಯ ಕಾಲದ ಮನೆ. ಅಡಿಗೆಮನೆಗೆ ಬಿಳಿಗಲ್ಲು, ಊಟದ ಪಡಸಾಲೆಗೆ ನುಣುಪಾದ ರೆಡ್ ಆಕ್ಸೈಡ್ ನೆಲ. ಆಚಾರ್ರ ಜೊತೆ ಯಾವಾಗಲೂ ಬರುವ ಯಶೋದಮ್ಮ ಅವತ್ತೂ ಬಂದಿದ್ದರು. ಅರವತ್ತಾರರ ಹೆಂಗಸು, ಹದಿನೆಂಟು ವರ್ಷದಿಂದ ಇಬ್ಬರೂ ಒಂದೇ ಒಲೆಯ ಎರಡು ಕಡೆ ನಿಂತವರು. ಅವರು ವಡೆ ತಟ್ಟುತ್ತಿದ್ದರೆ ಇವರು ಕರಿಯುತ್ತಿದ್ದರು, ಮಾತೇ ಬೇಕಾಗುತ್ತಿರಲಿಲ್ಲ.

ಹನ್ನೆರಡೂವರೆಗೆ ಬ್ರಾಹ್ಮಣರು ಎಲೆಗೆ ಕೂತರು. ಆಚಾರ್ರು ಅನ್ನ ಬಡಿಸಿ ಬಂದರು, ವಡೆ ಬಡಿಸಿ ಬಂದರು. ಪಾಯಸದ ಪಾತ್ರೆ ಎತ್ತಿಕೊಳ್ಳುವಾಗ ಯಶೋದಮ್ಮ ಒಮ್ಮೆಗೇ, "ಮುರಳಿ, ನಿಲ್ಲು," ಅಂದರು.

ಬಿಳಿಗಲ್ಲಿನ ಮೇಲೆ, ಒಲೆಯಿಂದ ಬಾಗಿಲ ತನಕ, ಬಲಗಾಲಿನ ಗುರುತು ಸಾಲಾಗಿ ಮೂಡಿತ್ತು. ನೀರಿನ ಗುರುತಲ್ಲ. ಕೆಂಪು, ನಡುವೆ ಹಳದಿ ಕಲೆತ ಕೆಂಪು. ಆಚಾರ್ರು ಬಗ್ಗಿ ನೋಡಿದರು, ಆಮೇಲೆ ಬಾಗಿಲಾಚೆ ನೋಡಿದರು. ಪಡಸಾಲೆಯ ನೆಲವೇ ಕೆಂಪು, ಅಲ್ಲಿ ಏನೂ ಕಾಣಿಸುತ್ತಿರಲಿಲ್ಲ. ಎಲೆಗಳ ಸಾಲಿನುದ್ದಕ್ಕೂ ಆ ಕಾಲು ಹೋಗಿ ಬಂದಿತ್ತು, ಎರಡು ಸಲ.

ಆಗ ಮಾಡಬೇಕಾದದ್ದು ಏನೆಂದು ಇಬ್ಬರಿಗೂ ಗೊತ್ತಿತ್ತು. ಯಜಮಾನರಿಗೆ ಹೇಳಬೇಕು. ಅಡಿಗೆಯೆಲ್ಲ ಚೆಲ್ಲಬೇಕು, ನೆಲ ತೊಳೆಯಬೇಕು, ಬೇರೆ ಯಾರಾದರೂ ಮೊದಲಿಂದ ಮಾಡಬೇಕು. ವೆಂಕಟಗಿರಿಯವರು ಕಣ್ಣು ಮುಚ್ಚಿ ತಂದೆಯ ಹೆಸರು, ಗೋತ್ರ ಹೇಳುತ್ತಿದ್ದುದು ಒಳಗೆ ಕೇಳುತ್ತಿತ್ತು.

"ಯಶೋದಮ್ಮ," ಅಂದರು ಆಚಾರ್ರು. ಮಡಿಯಲ್ಲಿದ್ದವರು ಒಬ್ಬರನ್ನೊಬ್ಬರು ಬೇಡಿಕೊಂಡು ಕೈ ಹಿಡಿಯುವ ಹಾಗೂ ಇಲ್ಲ. ಅವರು ಸುಮ್ಮನೆ ಕೈ ಮುಗಿದರು. ಮೂವತ್ತಮೂರು ವರ್ಷದಲ್ಲಿ ಮಡಿ ವಿಷಯಕ್ಕೆ ಬೇರೆಯವರನ್ನು ಅವರು ಎಷ್ಟು ಬೈದಿದ್ದರು, ಎಷ್ಟು ಜನರನ್ನು ಹೊರಗೆ ಕಳಿಸಿದ್ದರು! ಅಂಥ ಮನುಷ್ಯ ಕೈ ಮುಗಿದು ನಿಂತದ್ದನ್ನು ಯಶೋದಮ್ಮನಿಗೆ ನೋಡಲಾಗಲಿಲ್ಲ.

ಯಶೋದಮ್ಮ ನೀರು ತಂದು, ಮಂಡಿಯೂರಿ ಕಲ್ಲನ್ನು ಒರೆಸಿದರು. ಆಚಾರ್ರು ಪಂಚೆಯ ತುದಿ ಹರಿದು ಪಾದಕ್ಕೆ ಬಿಗಿದುಕೊಂಡರು. ಪಾಯಸವನ್ನು ಯಶೋದಮ್ಮನೇ ಬಡಿಸಿದರು. ಎಲ್ಲ ಮುಗಿದ ಮೇಲೆ, ಬಟ್ಟೆಯ ಗಂಟು ಕಟ್ಟಿಕೊಳ್ಳುತ್ತ ಅವರು ಹೇಳಿದ್ದು ಇಷ್ಟೇ: "ನಾನು ನೋಡಿಲ್ಲ ಅಂದ್ಕೋತೀನಿ. ನಾಳೆಯಿಂದ ನಾನು ಬರಲ್ಲಪ್ಪ, ಬೇರೆ ಯಾರನ್ನಾದ್ರೂ ನೋಡ್ಕೋ."

ನಾಳೆಯಿಂದ ಆಚಾರ್ರೂ ಹೋಗಲಿಲ್ಲ. ಅವತ್ತೇ ಸಂಜೆ ಚಳಿ ಜ್ವರ ಹತ್ತಿತು. ಮರುದಿನ ಬೆಳಿಗ್ಗೆ ವತ್ಸಲಾ ಹೊದಿಕೆ ತೆಗೆದು ಕಾಲು ನೋಡಿ, ವಾಸನೆಗೆ ಬಾಯಿ ಮುಚ್ಚಿಕೊಂಡು ಮಗಳಿಗೆ ಫೋನು ಮಾಡಿದಳು. ಮೈಸೂರು ರಸ್ತೆಯ ದೊಡ್ಡ ಆಸ್ಪತ್ರೆಗೆ ಆಟೋದಲ್ಲಿ ಹೋಗುವಾಗ ದೀಪಾಂಜಲಿ ನಗರದ ಸಿಗ್ನಲ್ಲಿನಲ್ಲಿ ಆಚಾರ್ರು, "ಇವತ್ತು ತ್ರಯೋದಶಿ, ಒಬ್ಬರ ಮನೇಲಿ ಕಾಯ್ತಾ ಇರ್ತಾರೆ," ಎಂದು ಬಡಬಡಿಸುತ್ತಿದ್ದರು.

ಅಲ್ಲಿ ನೋಡಿದವರು ಧನ್ಯಶ್ರೀ ಎಂಬ ಡಾಕ್ಟರು, ಸ್ಮೃತಿಯ ವಯಸ್ಸಿನವರು. ಶುಗರ್ ನಾನೂರ ಮೂವತ್ತು ಎಂದು ಅವರು ಹೇಳಿದಾಗ ವತ್ಸಲಾ ಒಪ್ಪಲೇ ಇಲ್ಲ. ನಿಮ್ಮ ಮೆಷಿನ್ ಕೆಟ್ಟಿರಬೇಕು, ಮೊನ್ನೆ ತಾನೇ ನೂರ ಇಪ್ಪತ್ತಾರು ಇತ್ತು ಅಂದಳು. ಸ್ಮೃತಿಯನ್ನು ಮನೆಗೆ ಅಟ್ಟಿ ಗೋಡೆಯ ಕ್ಯಾಲೆಂಡರನ್ನೇ ಕಿತ್ತು ತರಿಸಿದಳು. ಆಸ್ಪತ್ರೆಯ ವರಾಂಡದಲ್ಲಿ ನಿಂತು, ಒಂದೊಂದೇ ಹಾಳೆ ಮಗುಚಿ, ಬೆರಳಿಟ್ಟು ತೋರಿಸಿದಳು.

"ನೋಡಿ ಮೇಡಂ, ನಾನೇ ಬರ್ದಿರೋದು. ಒಂದು ತಿಂಗಳೂ ತಪ್ಪಿಸಿಲ್ಲ."

ಧನ್ಯಶ್ರೀ ಬಹಳ ಹೊತ್ತು ನೋಡಿದರು. ಪೆನ್ಸಿಲಿನ ನಂಬರಿದ್ದ ಪ್ರತಿಯೊಂದು ಚೌಕದಲ್ಲೂ ಅಚ್ಚಿನಲ್ಲಿ ಒಂದೇ ಮಾತು ಇತ್ತು.

"ಆಂಟಿ, ಇದೆಲ್ಲಾ ಏಕಾದಶಿ."

"ಹೌದು, ಅವತ್ತೇ ಅಲ್ವಾ ಅವ್ರಿಗೆ ಬಿಡುವು."

"ಅವತ್ತು ಅವ್ರು ಊಟ ಮಾಡ್ತಾರಾ?"

ವತ್ಸಲಾ ಹಿಂದಿನ ಹಾಳೆಗಳನ್ನು ಮತ್ತೊಮ್ಮೆ ಮಗುಚಿ, ಅಚ್ಚಿನ ಆ ಮಾತನ್ನು ಒಂದೊಂದಾಗಿ ಓದಿದಳು. ಧನ್ಯಶ್ರೀ ಕೋಪ ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ಒಳ್ಳೆಯದಿತ್ತು ಎಂದು ವತ್ಸಲಾಗೆ ಆಮೇಲೆ ಅನ್ನಿಸಿತು. ಊಟ ಮಾಡಿದ ದಿನ ಒಂದು ಸಲವೂ ನೋಡಿಲ್ಲವಲ್ಲ ಆಂಟಿ ಎಂದು ಮೆತ್ತಗೆ ಹೇಳಿ, ಲ್ಯಾಬಿನ ಸರಾಸರಿ ಟೆಸ್ಟಿನ ಕಾಗದ ತೋರಿಸಿದರು. ಆರು ಏಳರ ಒಳಗೆ ಇರಬೇಕಾದದ್ದು ಹನ್ನೆರಡರ ಹತ್ತಿರ ಇತ್ತು. ವರ್ಷಗಟ್ಟಲೆ ಹೀಗೇ ಇದ್ದಿರಬೇಕು, ಕಾಲಿನ ನರಗಳು ಸತ್ತು ಬಹಳ ದಿನವಾಗಿದೆ ಅಂದರು. ಗಂಜಿಯ ಕಥೆ ನೆನಪಾಗಿ ವತ್ಸಲಾ ಕ್ಯಾಲೆಂಡರನ್ನು ಸುರುಳಿ ಸುತ್ತಿಟ್ಟಳು.

ಮೊದಲು ಹೆಬ್ಬೆರಳು ತೆಗೆದರು. ಮರುದಿನ ಪಾದ. ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಬಲಗಾಲನ್ನು ಮಂಡಿಯ ಕೆಳಗಿನಿಂದ ತೆಗೆದುಬಿಟ್ಟರು.

ಈಗ ಆಚಾರ್ರ ದಿನ ಬೆರಳುಗಳ ಮೇಲೆ ನಡೆಯುತ್ತದೆ. ಇನ್ಸುಲಿನ್ ಶುರುವಾದ ಮೇಲೆ ಪರೀಕ್ಷೆ ದಿನಕ್ಕೆ ನಾಲ್ಕು ಸಲ. ಬೆಳಿಗ್ಗೆ ಎದ್ದ ಕೂಡಲೇ, ಎರಡೂ ಊಟಕ್ಕೆ ಮುಂಚೆ, ಮಲಗುವ ಮುಂಚೆ. ಉಪವಾಸ ಕೂಡದು ಎಂದು ಧನ್ಯಶ್ರೀ ಕಡ್ಡಾಯ ಮಾಡಿದ್ದಾರೆ. ಆಸ್ಪತ್ರೆಯಿಂದ ಬಂದ ಮೇಲಿನ ಮೊದಲ ಏಕಾದಶಿಗೆ ವತ್ಸಲಾ ಒಲೆ ಹಚ್ಚಿ, ಎರಡು ಚಪಾತಿ ಮಾಡಿ, ತಟ್ಟೆಯನ್ನು ಮುಂದಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಿಲಿಗೆ ಹೋದಳು. ಅವಳು ವಾಪಸು ಬರುವಷ್ಟರಲ್ಲಿ ತಟ್ಟೆ ಖಾಲಿಯಾಗಿತ್ತು. ಆಚಾರ್ರು ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಕಾಲು ಹೋದದ್ದಕ್ಕೆ ಅತ್ತದ್ದನ್ನು ಅವಳು ನೋಡಿರಲಿಲ್ಲ. ಅವತ್ತು ಅತ್ತರು.

ಕೆಲಸಕ್ಕೆ ಕರೆ ಬರುವುದು ತಾನಾಗಿಯೇ ನಿಂತಿತು. ಅಂಗಹೀನರ ಕೈಯ ಅಡಿಗೆ ಪಿತೃಗಳಿಗೆ ನಡೆಯುವುದಿಲ್ಲ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಬೇರೆಯವರ ವಿಷಯದಲ್ಲಿ ಆಚಾರ್ರೇ ಹಾಗೆ ಹೇಳಿದ್ದುಂಟು. ಯಶೋದಮ್ಮ ಆಸ್ಪತ್ರೆಗೂ ಬರಲಿಲ್ಲ, ಮನೆಗೂ ಬರಲಿಲ್ಲ.

ಬಂದವರು ವೆಂಕಟಗಿರಿ. ಮಾಘಮಾಸದ ಒಂದು ಬೆಳಿಗ್ಗೆ, ಚೀಲದ ತುಂಬ ಮೂಸಂಬಿ ಹಿಡಿದುಕೊಂಡು, ಮನೆ ಹುಡುಕಿಕೊಂಡು ಬಂದರು. ಪಂಚೆಯ ಕೆಳಗೆ ಖಾಲಿಯಿದ್ದ ಜಾಗವನ್ನು ನೋಡಿ ಅವರ ಕಣ್ಣು ತುಂಬಿತು. ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತರು.

"ನಿಮಗೊಂದು ವಿಷಯ ಹೇಳ್ಬೇಕು ಅಂತಾನೇ ಬಂದೆ ಆಚಾರ್ರೇ. ನಮ್ಮಪ್ಪ ಹೋಗುವಾಗ ನಾನು ಹತ್ರ ಇರ್ಲಿಲ್ಲ. ಜಗಳ ಆಡ್ಕೊಂಡು ಎರಡು ವರ್ಷ ಮಾತು ಬಿಟ್ಟಿದ್ದೆ. ಪ್ರತಿ ವರ್ಷ ಶ್ರಾದ್ಧ ಮಾಡೋದು, ಮನಸ್ಸಲ್ಲಿ ಒಂದು ಮುಳ್ಳು ಹಾಗೇ ಇರೋದು. ಈ ಸಲ ಪಕ್ಷದಲ್ಲಿ ಪಿಂಡ ಮಹಡಿ ಮೇಲೆ ಇಟ್ಟ ಎರಡೇ ನಿಮಿಷಕ್ಕೆ ಕಾಗೆ ಬಂತು. ಮರುದಿನ ಬೆಳಗಿನ ಜಾವ ಅಪ್ಪ ಕನಸಲ್ಲಿ ಬಂದು, ಊಟ ಚೆನ್ನಾಗಿತ್ತು ಕಣೋ ಅಂದ್ರು. ಅದೆಲ್ಲ ನಿಮ್ಮ ಕೈಯಿಂದ ಆಗಿದ್ದು. ಮುಂದಿನ ಸಲ ನೀವು ಒಲೆ ಮುಂದೆ ನಿಲ್ಬೇಡಿ. ಕುರ್ಚಿ ಹಾಕಿಸ್ತೀನಿ, ಹೊಸಿಲಾಚೆ ಕೂತು ಹೇಳ್ಕೊಡಿ ಸಾಕು."

ಐದು ತಿಂಗಳಿಂದ ಆಚಾರ್ರ ಒಳಗೇ ಒಂದು ಮಾತು ಕೊಳೆಯುತ್ತಿತ್ತು. ಹೇಳಿದರೆ ಹಗುರವಾಗುತ್ತೇನೆ ಎಂದು ಅವರು ದಿನಾ ಅಂದುಕೊಳ್ಳುತ್ತಿದ್ದರು, ಹೇಳಬೇಕಾದವರ ಮನೆಗೆ ಹೋಗಲು ಕಾಲಿರಲಿಲ್ಲ. ಈಗ ಅವರೇ ಎದುರಿಗೆ ಬಂದು ಕೂತಿದ್ದಾರೆ. ಹೇಳಿದರು. ಕರಟದ ಚೂರಿನಿಂದ ಹಿಡಿದು ಯಶೋದಮ್ಮ ಒರೆಸಿದ ಬಿಳಿಗಲ್ಲಿನ ತನಕ ಎಲ್ಲವನ್ನೂ ಹೇಳಿದರು. ಪಡಸಾಲೆಯ ನೆಲ ಕೆಂಪಗಿದ್ದದ್ದನ್ನೂ ಬಿಡಲಿಲ್ಲ.

ವೆಂಕಟಗಿರಿ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು.

"ಇದನ್ನ ನಂಗೆ ಯಾಕೆ ಹೇಳಿದ್ರಿ?" ಎಂದು ಕೇಳಿದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ನಾನು ನೆಮ್ಮದಿಯಾಗಿದ್ದೆನಲ್ಲ."

ಅವರು ಎದ್ದು, ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು, ಗೇಟು ಹಾಕಿಕೊಂಡು ಹೋದರು. ಕಾಫಿ ತಂದ ವತ್ಸಲಾ ಖಾಲಿ ಕುರ್ಚಿ ನೋಡಿ ಲೋಟವನ್ನು ಹಾಗೇ ಒಳಗೆ ತೆಗೆದುಕೊಂಡು ಹೋದಳು. ಆಚಾರ್ರಿಗೆ ಹಗುರವಾಗಲಿಲ್ಲ. ತಮ್ಮ ಹೊರೆಯನ್ನು ಇನ್ನೊಬ್ಬರ ತಲೆಗೂ ಹೊರಿಸಿ ಕಳಿಸಿದ್ದೇನೆ ಎಂದು ಮಾತ್ರ ತಿಳಿಯಿತು.

ಹನ್ನೆರಡೂವರೆಗೆ ವತ್ಸಲಾ ಮೆಷಿನ್ ತೆಗೆದುಕೊಂಡು ಬಂದು ಪಕ್ಕದಲ್ಲಿ ಕೂತಳು. ಆಚಾರ್ರು ಕೈ ಚಾಚಿದರು. ಎಲ್ಲ ಬೆರಳ ತುದಿಯೂ ಚುಚ್ಚಿ ಚುಚ್ಚಿ ಒರಟಾಗಿತ್ತು, ಮೊದಲ ಸಲಕ್ಕೆ ರಕ್ತ ಬರಲಿಲ್ಲ. ಅವಳು ಬೆರಳನ್ನು ಬುಡದಿಂದ ಒತ್ತಿದಳು. ಸಾಸಿವೆಯಷ್ಟು ಒಂದು ಹನಿ ಮೂಡಿತು.

"ಇಷ್ಟೇ ಇಷ್ಟು ಕಣೇ," ಅಂದರು ಆಚಾರ್ರು ಅದನ್ನೇ ನೋಡುತ್ತ. "ಇದನ್ನ ಮನೇಲಿ ಕೊಡೋಕೆ ಹಿಂದೆಮುಂದೆ ನೋಡಿದೆ. ಕೂಡಿಟ್ಟು ಕೂಡಿಟ್ಟು ತಗೊಂಡ್ಹೋಗಿ ಅವರಪ್ಪನ ಎಲೆ ಮುಂದೆ ಸುರಿದೆ."

ವತ್ಸಲಾ ಹನಿಯನ್ನು ಪಟ್ಟಿಗೆ ಮುಟ್ಟಿಸಿದಳು. ನೂರ ತೊಂಬತ್ತೆಂಟು ಬಂತು. ಹೊಸ ವರ್ಷದ ಕ್ಯಾಲೆಂಡರಿನಲ್ಲಿ, ಆಗಲೇ ಬೆಳಗಿನ ನಂಬರಿದ್ದ ಆ ದಿನದ ಚೌಕದಲ್ಲಿ, ಅದನ್ನೂ ಸಣ್ಣಗೆ ಬರೆದು, ಹತ್ತಿಯಿಂದ ಅವರ ಬೆರಳು ಒರೆಸಿ, ತಟ್ಟೆ ಹಾಕಲು ಒಳಗೆ ಹೋದಳು.